ನಾಯಿ ಜೊತೆ ಬಾಳುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಗುಂಡ ಅನ್ನುವ ಕಂದು ನಾಯಿ 13 ವರ್ಷ ಇದ್ದ. ಈಗ ಪುಟ್ಟಿ ಇದ್ದಾಳೆ. ನಾಯಿ ಸಾಕಿದವರು ಅಂತ ಗೊತ್ತಾದ ಮೇಲೆ ಜನ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಮರಿ ತಂದ ವಾರ ಕೇಳುವವರಿದ್ದಾರೆ. ನಾಯಿ ಹೋದ ರಾತ್ರಿ ಫೋನ್ ಮಾಡಿ ಅಳುತ್ತಾ ಕೇಳುವವರೂ ಇದ್ದಾರೆ. ನಾನು ಡಾಕ್ಟರ್ ಅಲ್ಲ. ಕಾಯಿಲೆ ಅನ್ನಿಸಿದರೆ ಇದನ್ನು ಓದುತ್ತಾ ಕೂರಬೇಡಿ, ಪಶುವೈದ್ಯರ ಹತ್ತಿರ ಹೋಗಿ.

ಮನೆಯಲ್ಲಿ ಎಲ್ಲರಿಗೂ ನಾಯಿ ಬೇಕು ಅಂತ ಆಸೆ. ಮೊದಲು ಏನು ಯೋಚಿಸಬೇಕು?

ತಳಿ, ಬಣ್ಣ, ಹೆಸರು ಎಲ್ಲ ಆಮೇಲೆ. ಮೊದಲು ಸಮಯ. ನಾಯಿ ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ. ಸಣ್ಣ ಜಾತಿಯವು 15 ದಾಟುವುದೂ ಉಂಟು. ಭಾರೀ ಮೈಯಿನ ಜಾತಿಗಳು ಬೇಗ ಮುದಿಯಾಗುತ್ತವೆ, 8-10 ವರ್ಷಕ್ಕೇ ಹೊರಟುಬಿಡುತ್ತವೆ. ಇವತ್ತು ನಾಯಿ ಬೇಕು ಅಂತ ಹಟ ಮಾಡುವ ಮಗು ದೊಡ್ಡದಾಗಿ ಬೇರೆ ಊರಿಗೆ ಹೋದ ಮೇಲೂ ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ. ಆಗ ಬೆಳಿಗ್ಗೆ ಎದ್ದು ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಜೋರು ಮಳೆ ಬಂದ ದಿನ? ನಿಮಗೇ ಜ್ವರ ಬಂದ ದಿನ? ಒಬ್ಬರ ಹೆಸರು ಥಟ್ಟಂತ ಬಾಯಿಗೆ ಬಂದರೆ ತನ್ನಿ. ಎಲ್ಲರೂ ಮುಖ ಮುಖ ನೋಡಿಕೊಂಡರೆ ಇನ್ನೊಂದು ವರ್ಷ ತಡೆಯಿರಿ.

ಎಷ್ಟು ದಿನದ ಮರಿ ತರಬಹುದು?

ಕಡಿಮೆ ಅಂದರೂ 8 ವಾರ ಆಗಿರಬೇಕು. ಅಲ್ಲಿಯವರೆಗೆ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಇರಲಿ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ ನೋಡಿದ್ದೀರಾ? ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಲ್ಲನ್ನು ಎಷ್ಟು ಮೆತ್ತಗೆ ಬಳಸಬೇಕು ಅನ್ನುವುದನ್ನು ಅವು ಕಲಿಯುವುದೇ ಹೀಗೆ. ಬೇಗ ಬೇರೆ ಮಾಡಿದ ಮರಿಗೆ ಆ ಪಾಠ ಅರ್ಧಕ್ಕೇ ನಿಂತುಹೋಗಿರುತ್ತದೆ. ಬಾಕಿ ಅರ್ಧ ನಿಮ್ಮ ಕೈ ಮೇಲೆ ನಡೆಯುತ್ತದೆ.

ಮೊದಲ ರಾತ್ರಿಯಿಡೀ ಅಳುತ್ತದೆ. ಎತ್ತಿಕೊಂಡರೆ ಅಭ್ಯಾಸ ಆಗಿಬಿಡುತ್ತೆ ಅಂತಾರೆ, ನಿಜಾನಾ?

ಇಲ್ಲ. ನೆನ್ನೆಯವರೆಗೂ ಬೆಚ್ಚಗೆ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದ ಮರಿ ಅದು. ಇವತ್ತು ಗೊತ್ತಿಲ್ಲದ ಮನೆ, ಗೊತ್ತಿಲ್ಲದ ವಾಸನೆ. ನಿಮ್ಮ ಹಾಸಿಗೆ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಎದ್ದು ಕುಂಯ್‌ಗುಟ್ಟಿದಾಗ ಕೈ ಇಳಿಬಿಟ್ಟರೆ ಸಾಕು. ಬೆರಳು ಮೂಸಿ ಮತ್ತೆ ಮಲಗುತ್ತದೆ. ಒಂದೆರಡು ವಾರ ಆದ ಮೇಲೆ ಪೆಟ್ಟಿಗೆಯನ್ನು ದಿನಕ್ಕೊಂದು ಮೊಳ ಆಚೆ ಸರಿಸುತ್ತಾ ಹೋಗಿ.

ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ. ಎಷ್ಟು ಬೈದರೂ ಕಲಿಯುತ್ತಿಲ್ಲ.

ಬೈಯುವುದನ್ನು ಇವತ್ತೇ ನಿಲ್ಲಿಸಿ. ಬೈದರೆ ಮರಿ ಕಲಿಯುವುದು ಒಂದೇ ಪಾಠ: ಇವರ ಎದುರಿಗೆ ಉಚ್ಚೆ ಹೊಯ್ಯಬಾರದು, ಸೋಫಾ ಹಿಂದೆ ಹೋಗಿ ಹೊಯ್ಯಬೇಕು. ಆಮೇಲೆ ಹೊರಗೆ ಕರೆದುಕೊಂಡು ಹೋದರೂ ನಿಮ್ಮ ಮುಂದೆ ಮಾಡಲು ಅದಕ್ಕೆ ಧೈರ್ಯ ಬರುವುದಿಲ್ಲ.

ಮರಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ. ಎಷ್ಟು ತಿಂಗಳಾಗಿದೆಯೋ ಅದಕ್ಕೆ ಒಂದು ಸೇರಿಸಿ. 2 ತಿಂಗಳ ಮರಿಗೆ ಹೆಚ್ಚೆಂದರೆ 3 ಗಂಟೆ. ಅದೂ ಸುಮ್ನೆ ಮಲಗಿದ್ದರೆ. ಎದ್ದು ಓಡಾಡುವಾಗ ಇನ್ನೂ ಕಡಿಮೆ. ಹಾಗಾಗಿ ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಹತ್ತು ಹದಿನೈದು ನಿಮಿಷಕ್ಕೆ, ಜೋರು ಆಟ ಮುಗಿದ ತಕ್ಷಣ, ರಾತ್ರಿ ಒಮ್ಮೆ ಹೊರಗೆ ಒಯ್ಯಿರಿ. ದಿನಾ ಒಂದೇ ಜಾಗ. ಹಳೇ ವಾಸನೆಯೇ ಅದಕ್ಕೆ ನೆನಪು ಮಾಡಿಕೊಡುತ್ತದೆ. ಮುಗಿಸಿದ ಕ್ಷಣವೇ, ಅಲ್ಲೇ ನಿಂತು, ಒಂದು ಚೂರು ತಿಂಡಿ ಕೊಟ್ಟು ಮುದ್ದು ಮಾಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟರು ಅಂದುಕೊಳ್ಳುತ್ತದೆ.

ಮರಿಯನ್ನು ಗಮನಿಸಿ. ಹೊಯ್ಯುವ ಮುಂಚೆ ಅದು ಆಟ ನಿಲ್ಲಿಸುತ್ತದೆ, ಮೂಗು ನೆಲಕ್ಕೆ ಹಚ್ಚಿ ಗಿರಕಿ ಹೊಡೆಯುತ್ತದೆ, ಬಾಗಿಲ ಕಡೆ ಒಮ್ಮೆ ನೋಡುತ್ತದೆ. ಆ ನಾಲ್ಕೈದು ಸೆಕೆಂಡು ನಿಮ್ಮ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಆದಂತೆ. ಗುಂಡ ಮರಿಯಾಗಿದ್ದಾಗ ನಾನು ಫೋನ್ ನೋಡುತ್ತಾ ಕೂತ ದಿನಗಳಲ್ಲೇ ಚಾಪೆ ಒದ್ದೆಯಾಗುತ್ತಿತ್ತು. ಒದ್ದೆ ಮಾಡಿದ ಜಾಗವನ್ನು ಫಿನಾಯಿಲ್ ಬದಲು ಎಂಜೈಮ್ ಇರುವ ಕ್ಲೀನರ್‌ನಿಂದ ಒರೆಸಿ. ನಮಗೆ ವಾಸನೆ ಹೋಯಿತು ಅನ್ನಿಸಿದರೂ ಅದರ ಮೂಗಿಗೆ ಹೋಗಿರುವುದಿಲ್ಲ.

ಕೈ ಕಾಲು, ಚಪ್ಪಲಿ, ಕುರ್ಚಿ ಕಾಲು, ಏನು ಸಿಕ್ಕರೂ ಕಚ್ಚುತ್ತದೆ.

ಹಲ್ಲು ಬರುವ ನೋವು. ಮರಿಗೆ 28 ಹಾಲುಹಲ್ಲು ಇರುತ್ತವೆ. ಮೂರನೇ ತಿಂಗಳಿನಿಂದ ಅವು ಉದುರಿ, ಏಳು ತಿಂಗಳಾಗುವ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ನೆಲ ಗುಡಿಸುವಾಗ ಅಕ್ಕಿಕಾಳಿನಷ್ಟು ಒಂದು ಹಲ್ಲು ಸಿಕ್ಕಿದರೆ ತೆಗೆದಿಟ್ಟುಕೊಳ್ಳಿ. ಮುಂದೆ ಅದು ಚಿನ್ನಕ್ಕಿಂತ ಹೆಚ್ಚಾಗುತ್ತದೆ.

ಅಲ್ಲಿಯವರೆಗೆ ಕಚ್ಚಬಾರದ್ದನ್ನು ಎತ್ತಿಡಿ, ಕಚ್ಚಬಹುದಾದ್ದನ್ನು ಕೊಡಿ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಟ್ಟರೆ ವಸಡಿಗೆ ಹಾಯಾಗುತ್ತದೆ. ಕೈ ಕಚ್ಚಿದರೆ ಕೈ ಜಗ್ಗಬೇಡಿ, ಜಗ್ಗಿದರೆ ಅದಕ್ಕೆ ಆಟ. ಸುಮ್ಮನೆ ಎದ್ದು ಹತ್ತು ಸೆಕೆಂಡು ಆ ಕಡೆ ತಿರುಗಿ ನಿಲ್ಲಿ. ಮನೆಯಲ್ಲಿ ಎಲ್ಲರೂ ಇದನ್ನೇ ಮಾಡಬೇಕು. ಒಬ್ಬರು ಕೈ ಕೊಟ್ಟು ಆಡಿಸಿ, ಇನ್ನೊಬ್ಬರು ಗದರಿದರೆ ಪಾಪ ಅದಕ್ಕೆ ತಲೆ ಕೆಡುತ್ತದೆ.

ಆಟದಲ್ಲಿ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಮನೆ ನಾಯಿ ತಾನೇ?

ಮನೆ ನಾಯಿಯಾದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅವತ್ತೇ ಡಾಕ್ಟರಿಗೆ ತೋರಿಸಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಸಮಯಕ್ಕೆ ಲಸಿಕೆ ತೆಗೆದುಕೊಂಡರೆ ಬರುವುದೇ ಇಲ್ಲ ಅನ್ನಬಹುದು. ಈ ಒಂದು ವಿಷಯದಲ್ಲಿ ಸಂಕೋಚ, ಉದಾಸೀನ ಎರಡೂ ಬೇಡ. ನಾಯಿಯ ಲಸಿಕೆ ತಾರೀಖನ್ನೂ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಮ್ಮ ಮರಿ ಹೊಸಬರನ್ನು, ಛತ್ರಿಯನ್ನು, ಬೈಕನ್ನು, ಎಲ್ಲವನ್ನೂ ನೋಡಿ ಹೆದರುತ್ತದೆ.

ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿಯ ಮನಸ್ಸು ತೆರೆದ ಬಾಗಿಲಿನ ಹಾಗೆ ಇರುತ್ತದೆ. ಆಗ ನೋಡಿದ್ದೆಲ್ಲ ಲೋಕದಲ್ಲಿ ಇರಬೇಕಾದ್ದೇ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದೆಲ್ಲ ಅನುಮಾನ. ಲಸಿಕೆ ಪೂರ್ತಿಯಾಗದ ಮರಿಯನ್ನು ನೆಲಕ್ಕೆ ಬಿಡಬೇಡಿ. ಆದರೆ ಹೆಗಲ ಮೇಲೆ ಹಾಕಿಕೊಂಡು ಬೀದಿ ತೋರಿಸಬಹುದು ಅಲ್ವಾ? ಗಡ್ಡದವರು, ಕೋಲು ಹಿಡಿದವರು, ಓಡಾಡುವ ಮಕ್ಕಳು, ಹಾರ್ನ್ ಸದ್ದು ಎಲ್ಲವೂ ದೂರದಿಂದ ಕಾಣಲಿ, ಕೇಳಲಿ. ಆ ವಯಸ್ಸು ದಾಟಿದ್ದರೂ ನಿರಾಸೆ ಬೇಡ. ನಿಧಾನ ಆಗುತ್ತದೆ, ಅಷ್ಟೇ. ಹೆದರುವ ವಸ್ತುವಿನಿಂದ ದೂರ ನಿಂತು ತಿಂಡಿ ಕೊಡಿ. ಇನ್ನೊಂದು ದಿನ ಎರಡು ಹೆಜ್ಜೆ ಹತ್ತಿರ. ಹಿಡಿದು ಎಳೆದುಕೊಂಡು ಹೋಗಿ ಮುಟ್ಟಿಸುವುದು ಮಾತ್ರ ಬೇಡವೇ ಬೇಡ.

ನಾಯಿಗೆ ನಾವೇ ಯಜಮಾನರು ಅಂತ ತೋರಿಸದಿದ್ದರೆ ತಲೆ ಮೇಲೆ ಕೂರುತ್ತೆ ಅಂತಾರಲ್ಲ?

ಈ ಮಾತು ತೋಳಗಳಿಂದ ಬಂತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಮೃಗಾಲಯದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಕಾದಾಡುತ್ತವೆ ಅಂತ ಬರೆದರು. 1970ರಲ್ಲಿ ಡೇವಿಡ್ ಮೆಕ್ ಅನ್ನುವ ವಿಜ್ಞಾನಿ ತಮ್ಮ ಪುಸ್ತಕದಲ್ಲಿ ಅದನ್ನೇ ಹೇಳಿದರು, ಅದು ಎಲ್ಲ ಕಡೆ ಹಬ್ಬಿತು. ಆಮೇಲೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದರು. ಅಲ್ಲಿದ್ದದ್ದು ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ. ಮೃಗಾಲಯದಲ್ಲಿ ಪರಿಚಯವೇ ಇಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿದ್ದಕ್ಕೆ ಅವು ಹೊಡೆದಾಡುತ್ತಿದ್ದವು. 1999ರಲ್ಲಿ ಮೆಕ್ ತಮ್ಮ ಹಳೇ ಮಾತು ಸರಿಯಿಲ್ಲ ಅಂತ ತಾವೇ ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಅದಕ್ಕೇ.

ಹಾಗಾಗಿ ನಾಯಿಯನ್ನು ಅಂಗಾತ ಕೆಡವಿ ಹಿಡಿಯುವುದು, ಕತ್ತು ಅದುಮುವುದು, ಪೇಪರ್ ಸುತ್ತಿ ಹೊಡೆಯುವುದು ಯಾವುದೂ ಬೇಡ. ಹೊಡೆತ ತಿಂದ ನಾಯಿ ಸುಮ್ಮನಾಗುತ್ತದೆ, ನಿಜ. ಆದರೆ ಅದು ಕಲಿತ ಮೌನವಲ್ಲ, ಹೆದರಿದ ಮೌನ.

ಹಾಗಾದರೆ ಕಲಿಸುವುದು ಹೇಗೆ?

ನಿಮಗೆ ಬೇಕಾದ್ದನ್ನು ಅದು ಮಾಡಿದ ಕೂಡಲೇ, ಒಂದೆರಡು ಸೆಕೆಂಡಿನೊಳಗೆ, ಅದಕ್ಕೆ ಬೇಕಾದ್ದು ಸಿಗಬೇಕು. ಇಷ್ಟೇ. ತಿಂಡಿ ಬೆರಳ ಉಗುರಿಗಿಂತ ಚಿಕ್ಕದಿರಲಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಒಂದೇ ಪದ ಬಳಸಿ. ಅಪ್ಪ "ಕೂತ್ಕೋ" ಅಂದು, ಮಗಳು "ಸಿಟ್" ಅಂದು, ಅಜ್ಜಿ "ಬಾರೋ ಕೂತ್ಕೋ ಪುಟ್ಟ" ಅಂದರೆ ಅದು ಮೂರು ಬೇರೆ ಬೇರೆ ಸದ್ದು. ಬಂದ ವಿದ್ಯೆಯನ್ನು ಇನ್ನೊಂದು ಸಲ ಮಾಡಿಸಿ, ಖುಷಿಯಲ್ಲಿದ್ದಾಗಲೇ ನಿಲ್ಲಿಸಿ.

ನಾಯಿ ಬಾಲ ಡೊಂಕು ಅನ್ನುವ ಗಾದೆ ಕೇಳಿ ವಯಸ್ಸಾದ ನಾಯಿಗೆ ಕಲಿಸುವುದನ್ನೇ ಬಿಡುವವರಿದ್ದಾರೆ. ಬಿಡಬೇಡಿ. ಗುಂಡ 9ನೇ ವಯಸ್ಸಿನಲ್ಲಿ ಕೈಸನ್ನೆ ಕಲಿತ. ಆಮೇಲೆ ಕಿವಿ ಕೇಳದಾದಾಗ ನಮ್ಮಿಬ್ಬರನ್ನೂ ಕಾಪಾಡಿದ್ದು ಅದೇ.

ಕರೆದರೆ ಬರುವುದೇ ಇಲ್ಲ. ನಿಂತು ನೋಡಿ ಓಡುತ್ತದೆ!

ಇದರಲ್ಲಿ ನನ್ನದೇ ತಪ್ಪಿನ ಕಥೆ ಇದೆ. ಗುಂಡನನ್ನು ಮೈದಾನದಲ್ಲಿ ಬಿಡುತ್ತಿದ್ದೆ. ಹೊರಡುವ ಹೊತ್ತಾದಾಗ "ಗುಂಡಾ ಬಾ" ಅಂತ ಕರೆದು, ಬೆಲ್ಟಿಗೆ ಹಗ್ಗ ಸಿಕ್ಕಿಸಿ, ಮನೆಗೆ ಕರೆತರುತ್ತಿದ್ದೆ. ಮನೆಯಲ್ಲಿ ಸ್ನಾನ ಮಾಡಿಸುವಾಗಲೂ ಅದೇ "ಗುಂಡಾ ಬಾ". ಉಗುರು ಕತ್ತರಿಸುವಾಗಲೂ ಅದೇ. ಒಂದು ತಿಂಗಳಿಗೆ ಅವನು ಲೆಕ್ಕ ಹಾಕಿಬಿಟ್ಟ. "ಬಾ" ಅಂದರೆ ಒಳ್ಳೇದೆಲ್ಲ ಮುಗಿಯಿತು ಅಂತ. ಒಂದು ಸಂಜೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ನನ್ನನ್ನೇ ನೋಡಿದ. ನಾನು ಮುಂದೆ ಹೋದರೆ ಅವನು ಹಿಂದೆ. ಕತ್ತಲಾಗುವವರೆಗೂ ಹೀಗೇ. ನನಗೆ ಸಿಟ್ಟು, ಅಳು ಎರಡೂ ಬಂದಿತ್ತು.

ಆ ಪದ ಕೆಟ್ಟುಹೋಗಿತ್ತು, ಹೊಸ ಪದ ಬೇಕಿತ್ತು. "ಇಲ್ನೋಡು" ಅಂತ ಶುರು ಮಾಡಿದೆ. ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಕರೆದು ತಿಂಡಿ ಕೊಟ್ಟು, ಮತ್ತೆ ಬಿಟ್ಟುಬಿಡುವುದು. ಆಮೇಲೆ ಇನ್ನೊಂದು ಕೋಣೆಯಿಂದ. ಆಮೇಲೆ ಹೊರಗೆ, 10 ಮೀಟರ್ ಉದ್ದದ ಹಗ್ಗ ಕಟ್ಟಿ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು "ಹೋಗು, ಆಡ್ಕೋ" ಅಂತ ಕಳಿಸಿ. ಸ್ನಾನಕ್ಕೆ, ಔಷಧಿಗೆ ಕರೆಯಬೇಡಿ, ನೀವೇ ಅದರ ಹತ್ತಿರ ಹೋಗಿ. ಮತ್ತೆ, ಎಷ್ಟೇ ತಡವಾಗಿ ಬಂದರೂ ಬೈಯಬೇಡಿ. ಬಂದಿದೆಯಲ್ಲ.

ವಾಕಿಂಗಿನಲ್ಲಿ ಹಗ್ಗ ಎಳೆಯುತ್ತದೆ.

ಎಳೆದಾಗ ನಿಂತುಬಿಡಿ. ಹಗ್ಗ ಸಡಿಲವಾದಾಗ ನಡೆಯಿರಿ. ಮೊದಲ ವಾರ ಮನೆ ಮುಂದಿನ ರಸ್ತೆಯನ್ನೂ ದಾಟುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಪ್ರತಿ ಕಂಬ, ಪ್ರತಿ ಗಿಡ ಮೂಸುತ್ತಾ ನಿಲ್ಲುತ್ತದೆ. ಎಳೆದುಕೊಂಡು ಹೋಗಬಹುದಾ?

ದಯವಿಟ್ಟು ಬೇಡ. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಮೂಗಿನಲ್ಲಿ ಸುಮಾರು 50-60 ಲಕ್ಷ ಇದ್ದರೆ, ಕೆಲವು ನಾಯಿಗಳಲ್ಲಿ 20 ಕೋಟಿಗೂ ಹೆಚ್ಚು. ಕಂಬದ ಬುಡದಲ್ಲಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಒಮ್ಮೆ ಕೂತು ಅದರ ಮೂಗನ್ನು ನೋಡಿ. ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳು ಇದೆ. ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತದೆ, ಹೊಸ ವಾಸನೆ ಮುಂದಿನಿಂದ ಒಳಗೆ ಬರುತ್ತಲೇ ಇರುತ್ತದೆ. ಧೂಳಿನ ಮೇಲೆ ಮೂಸಿದಾಗ ಎರಡೂ ಪಕ್ಕ ಪುಟ್ಟ ಗೆರೆ ಏಳುವುದು ಕಾಣಿಸುತ್ತದೆ. ಅದನ್ನು ನೋಡಿದ ದಿನದಿಂದ ನಾನು ಪುಟ್ಟಿಯನ್ನು ಎಳೆದಿಲ್ಲ.

ಬಾಲ ಅಲ್ಲಾಡಿಸಿದರೆ ಖುಷಿಯಾಗಿದೆ ಅಂತ ತಾನೇ ಅರ್ಥ?

ಯಾವಾಗಲೂ ಅಲ್ಲ. ಬಾಲ ಮಾತ್ರ ನೋಡಬೇಡಿ, ಇಡೀ ಮೈ ನೋಡಿ. ಮೈ ಸಡಿಲವಾಗಿ, ಸೊಂಟವೆಲ್ಲ ತೂಗುತ್ತಿದ್ದರೆ ಖುಷಿ. ಮೈ ಸೆಟೆದು, ಬಾಲ ಮೇಲೆದ್ದು, ತುದಿ ಮಾತ್ರ ಅದುರುತ್ತಿದ್ದರೆ ಹತ್ತಿರ ಹೋಗಬೇಡಿ. 2007ರಲ್ಲಿ ಇಟಲಿಯ ಸಂಶೋಧಕರು 30 ನಾಯಿಗಳನ್ನು ಪರೀಕ್ಷಿಸಿದಾಗ ಇನ್ನೊಂದು ಸೂಕ್ಷ್ಮ ಕಂಡಿತು. ಸಾಕಿದವರನ್ನು ನೋಡಿದಾಗ ಬಾಲ ಬಲಕ್ಕೆ ಹೆಚ್ಚು ತೂಗಿತು. ದಬ್ಬಾಳಿಕೆಯ ಅಪರಿಚಿತ ನಾಯಿಯನ್ನು ನೋಡಿದಾಗ ಎಡಕ್ಕೆ.

ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಬಾಯಿ ಮುಚ್ಚಿಸಲಾ?

ಗುರ್ ಅನ್ನುವುದನ್ನು ಬೈದು ನಿಲ್ಲಿಸಿದರೆ, ಮುಂದಿನ ಸಲ ಗುರ್ ಅನ್ನದೆ ಕಚ್ಚುತ್ತದೆ. ಅದು ಎಚ್ಚರಿಕೆ ಕೊಡುತ್ತಿದೆ, ಆ ಬಾಗಿಲು ಮುಚ್ಚಬೇಡಿ. ತಟ್ಟೆ ಕಿತ್ತುಕೊಳ್ಳುವುದು ಬಿಟ್ಟು, ದೂರದಿಂದಲೇ ಇನ್ನೂ ರುಚಿಯಾದ ಒಂದು ತುಂಡು ತಟ್ಟೆ ಕಡೆ ಎಸೆದು ಹೊರಟುಹೋಗಿ. ದಿನಾ ಹೀಗೆ ಮಾಡುತ್ತಾ ಬಂದರೆ, ನೀವು ಹತ್ತಿರ ಬಂದರೆ ಒಳ್ಳೆಯದೇ ಸಿಗುತ್ತದೆ ಅಂತ ಅದಕ್ಕೆ ನಂಬಿಕೆ ಬರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಾಯಿ ಊಟ ಮಾಡುವಾಗ ಅವರನ್ನು ಬೇರೆ ಕೋಣೆಯಲ್ಲಿಡಿ. ಕಡಿಮೆಯಾಗದಿದ್ದರೆ ಅನುಭವ ಇರುವ ತರಬೇತುದಾರರನ್ನು ಕರೆಸಿ. ಹಾಗೆಯೇ ಡಾಕ್ಟರಿಗೂ ಒಮ್ಮೆ ತೋರಿಸಿ, ನೋವಿರುವ ನಾಯಿಯೂ ಗುರ್ ಅನ್ನುತ್ತದೆ.

ತಪ್ಪು ಮಾಡಿದ್ದು ಅದಕ್ಕೆ ಗೊತ್ತಿರುತ್ತೆ. ಬಾಗಿಲು ತೆರೆದ ಕೂಡಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತದಲ್ಲ?

ಅದು ತಪ್ಪಿತಸ್ಥ ಮುಖವಲ್ಲ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆ ಮಾಡಿದರು. ಮುಟ್ಟಬೇಡ ಅಂತ ಹೇಳಿ ತಿಂಡಿ ಇಟ್ಟು ಮನೆಯವರು ಹೊರಗೆ ಹೋದರು. ತಿನ್ನದ ನಾಯಿಯೂ, ಬೈಸಿಕೊಂಡರೆ ಅದೇ ಸಪ್ಪೆ ಮುಖ ಮಾಡಿತು. ಬೈಯದಿದ್ದರೆ ತಿಂದ ನಾಯಿಯೂ ಅಷ್ಟಾಗಿ ಮಾಡಲಿಲ್ಲ. ಅಂದರೆ ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ, ಕಣ್ಣು ಪಕ್ಕಕ್ಕೆ ಇದೆಲ್ಲ ನಿಮ್ಮ ಸಿಟ್ಟಿಗೆ ಅದು ಕೊಡುವ ಉತ್ತರ: ಸಿಟ್ಟಾಗಬೇಡಿ, ಪ್ಲೀಸ್. ಮಧ್ಯಾಹ್ನ ಹರಿದ ದಿಂಬಿಗೆ ಸಂಜೆ ಬೈದರೆ ಯಾಕೆ ಅಂತಲೇ ಅದಕ್ಕೆ ತಿಳಿಯುವುದಿಲ್ಲ.

ಒಂಟಿಯಾಗಿ ಬಿಟ್ಟು ಹೋದರೆ ಬೊಗಳಿ ಬೊಗಳಿ ಬೀದಿ ಒಟ್ಟುಮಾಡುತ್ತದೆ.

ಹಟ ಅಲ್ಲ, ಗಾಬರಿ. ಕೀಲಿಕೈ ಸದ್ದಾದ ಕೂಡಲೇ ಅದರ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಕೀಲಿ ತೆಗೆದುಕೊಂಡು ಸುಮ್ಮನೆ ಕುರ್ಚಿಯಲ್ಲಿ ಕೂರಿ. ಚಪ್ಪಲಿ ಹಾಕಿ ಅಡುಗೆಮನೆಗೆ ಹೋಗಿ ಬನ್ನಿ. ಬಾಗಿಲು ತೆರೆದು ಹತ್ತು ಸೆಕೆಂಡಿಗೆ ವಾಪಸ್ ಬನ್ನಿ. ಅದು ಹೆದರುವ ಮುಂಚೆಯೇ ನೀವು ಬಂದಿರಬೇಕು. ಸೆಕೆಂಡು ನಿಮಿಷವಾಗಲು ವಾರಗಳೇ ಹಿಡಿಯುತ್ತವೆ. ಆ ವಾರಗಳಲ್ಲಿ ಯಾರಾದರೂ ಜೊತೆಗಿರುವ ಹಾಗೆ ನೋಡಿಕೊಳ್ಳಿ. ತೀರಾ ಜಾಸ್ತಿಯಾದರೆ, ಬಾಗಿಲು ಕೆರೆದು ಉಗುರು ಕಿತ್ತುಕೊಂಡರೆ, ಡಾಕ್ಟರ್ ಔಷಧಿ ಕೊಡುತ್ತಾರೆ. ಔಷಧಿ ಕೊಡುವುದು ಸೋಲಲ್ಲ.

ಗುಡುಗಿಗೆ ನಡುಗುವಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತಾ?

ಇಲ್ಲ. ತಬ್ಬಿಕೊಳ್ಳಿ.

ಯಾವುದನ್ನು ತಿನ್ನಿಸಲೇಬಾರದು?

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಾರಾಯಿ. ಚಾಕೊಲೇಟಿನ ಥಿಯೋಬ್ರೋಮಿನ್ ನಾಯಿಯ ಮೈಯಲ್ಲಿ ಬೇಗ ಕರಗದೆ ಹೃದಯಕ್ಕೆ ತೊಂದರೆ ಕೊಡುತ್ತದೆ. ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಈರುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಇರುವ ಕ್ಸೈಲಿಟಾಲ್ ಸ್ವಲ್ಪವೇ ಸಾಕು ಪ್ರಾಣಕ್ಕೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನೀವಾಗೇ ಕೊಡಬೇಡಿ. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ತಿಂದ ಪ್ಯಾಕೆಟ್ ಸಮೇತ ಡಾಕ್ಟರ್ ಹತ್ತಿರ ಓಡಿ.

ಸುಮ್ಮನೆ ಕೂತು ನನ್ನನ್ನೇ ನೋಡುತ್ತಿರುತ್ತದೆ. ಏನು ಬೇಕು ಅದಕ್ಕೆ?

ಒಮ್ಮೊಮ್ಮೆ ಊಟ. ಹೆಚ್ಚಿನ ಸಲ ಏನೂ ಇಲ್ಲ, ನೀವೇ. 2015ರಲ್ಲಿ ಜಪಾನಿನ ಸಂಶೋಧಕರು ನಾಯಿ ಮತ್ತು ಸಾಕಿದವರು ಒಬ್ಬರ ಕಣ್ಣು ಒಬ್ಬರು ನೋಡುತ್ತಾ ಕೂತಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುವುದನ್ನು ಕಂಡರು. ತಾಯಿ ಮಗು ನಡುವೆ ಏರುವ ಹಾರ್ಮೋನೇ ಅದು. ಸಾಕಿದ ತೋಳಗಳಲ್ಲಿ ಹಾಗೆ ಆಗಲಿಲ್ಲ.

ನಾಯಿ ಸಾಕಿದವರಿಗೆ ಇದು ಹೊಸ ಸುದ್ದಿಯೇನಲ್ಲ. ಪುಟ್ಟಿ ಬೆಳಿಗ್ಗೆ ಮಂಚದ ಅಂಚಿಗೆ ಗಲ್ಲ ಇಟ್ಟು ಕಾಯುತ್ತಾಳೆ. ಬೊಗಳುವುದಿಲ್ಲ, ಕೆರೆಯುವುದಿಲ್ಲ. ನಾನು ಒಂದು ಕಣ್ಣು ಅರ್ಧ ತೆರೆದರೆ ಸಾಕು, ನೆಲಕ್ಕೆ ಬಾಲ ಬಡಿಯುವ ಸದ್ದು ಶುರು. ಟಪ್, ಟಪ್, ಟಪ್. ಕಣ್ಣು ಮುಚ್ಚಿದರೆ ನಿಲ್ಲುತ್ತದೆ. ಮತ್ತೆ ತೆರೆದರೆ ಟಪ್.

ಮುದಿ ನಾಯಿ ರಾತ್ರಿ ಎದ್ದು ಗೋಡೆ ನೋಡುತ್ತಾ ನಿಲ್ಲುತ್ತದೆ.

ವಯಸ್ಸಾದ ನಾಯಿಗಳಿಗೂ ಮರೆವಿನ ಕಾಯಿಲೆ ಬರುತ್ತದೆ. ಹಗಲು ರಾತ್ರಿ ಅದಲು ಬದಲಾಗುವುದು, ಗೊತ್ತಿರುವ ಕೋಣೆಯಲ್ಲೇ ದಾರಿ ತಪ್ಪುವುದು, ಬಾಗಿಲಿನ ಕೀಲು ಇರುವ ಕಡೆ ನಿಂತು ತೆರೆಯಲಿ ಅಂತ ಕಾಯುವುದು. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಸಾಮಾನು ಜಾಗ ಬದಲಿಸಬೇಡಿ. ನುಣುಪು ನೆಲಕ್ಕೆ ಚಾಪೆ ಹಾಸಿ, ಕಾಲು ಜಾರುವ ಭಯಕ್ಕೇ ಎಷ್ಟೋ ನಾಯಿಗಳು ಓಡಾಡುವುದು ಬಿಡುತ್ತವೆ. ಕಣ್ಣು ನೀಲಿ ಮಂಜಿನ ಹಾಗೆ ಕಂಡರೆ ಎಲ್ಲ ಸಲವೂ ಪೊರೆಯಲ್ಲ, ವಯಸ್ಸಿಗೆ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದುಂಟು. ಡಾಕ್ಟರ್ ನೋಡಿ ಹೇಳುತ್ತಾರೆ. ಏಳೆಂಟು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ.

ದಯಾಮರಣ ಕೊಡಿಸುವ ಹೊತ್ತು ಬಂತು ಅಂತ ಹೇಗೆ ಗೊತ್ತಾಗುತ್ತದೆ?

ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು.

ನಾಯಿ ನೋವನ್ನು ಮುಚ್ಚಿಡುತ್ತದೆ. ಕೂಗುವುದಿಲ್ಲ. ರಾತ್ರಿ ಸೆಕೆಯಿಲ್ಲದಿದ್ದರೂ ತೇಕುವುದು, ಮಲಗಲಾಗದೆ ಎದ್ದು ಎದ್ದು ಜಾಗ ಬದಲಿಸುವುದು, ಒಂದೇ ಜಾಗ ನೆಕ್ಕುತ್ತಿರುವುದು, ಒಂದು ಮೂಲೆಗೆ ಹೋಗಿ ಕೂರುವುದು, ಇವೇ ಅದರ ನೋವಿನ ಮಾತು. ಅದಕ್ಕೆ ಇಷ್ಟವಾದ ಐದು ಸಂಗತಿ ಬರೆದಿಡಿ. ಗುಂಡನದು ಹೀಗಿತ್ತು: ಬೆಳಗಿನ ವಾಕಿಂಗ್, ಊಟ, ಗೇಟಿನ ಹತ್ತಿರ ಕೂತು ದಾರಿ ನೋಡುವುದು, ಹೊಟ್ಟೆ ಕೆರೆಸಿಕೊಳ್ಳುವುದು, ನಾನು ಮನೆಗೆ ಬಂದಾಗ ಬಾಗಿಲಿಗೆ ಬರುವುದು. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಚುಕ್ಕಿ, ಕೆಟ್ಟ ದಿನಕ್ಕೆ ಒಂದು ಗೀಟು ಹಾಕುತ್ತಿದ್ದೆ. ಗೀಟುಗಳು ಒಂದಕ್ಕೊಂದು ಅಂಟಿಕೊಂಡು ಬರತೊಡಗಿದವು. ಕೊನೆಗೆ ಐದರಲ್ಲಿ ಒಂದು ಉಳಿದಿತ್ತು. ನಾನು ಬಂದಾಗ ಬಾಗಿಲ ಕಡೆ ತಲೆ ಎತ್ತಿ ನೋಡುತ್ತಿದ್ದ, ಏಳಲು ಆಗುತ್ತಿರಲಿಲ್ಲ.

ಡಾಕ್ಟರನ್ನು ನೇರವಾಗಿ ಕೇಳಿ: "ನಿಮ್ಮದೇ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ?" ಮತ್ತೆ, ನೀವು ಇಷ್ಟು ವರ್ಷ ಅದರ ಬಾಲ, ಕಿವಿ, ಕಣ್ಣು ನೋಡಿಕೊಂಡೇ ಬಂದಿದ್ದೀರಿ. ಅದು ಹೇಳುತ್ತಿರುವುದು ನಿಮಗೆ ಕೇಳಿಸುತ್ತದೆ.

ಆಗ ಪಕ್ಕದಲ್ಲಿ ಇರಬೇಕಾ? ನನ್ನಿಂದ ಆಗಲ್ಲ ಅನ್ನಿಸುತ್ತೆ.

ಆದರೆ ಇರಿ. ಏನಾಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಸ್ವಲ್ಪ ಧೈರ್ಯ ಬರುತ್ತದೆ. ಸಾಮಾನ್ಯವಾಗಿ ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ನಾಯಿಗೆ ನಿದ್ದೆ ಹತ್ತುತ್ತದೆ. ಆಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ಸೆಕೆಂಡಿಗೆ ಪ್ರಜ್ಞೆ ಹೋಗುತ್ತದೆ, ಕೆಲವು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೂ ಒಂದೆರಡು ಉಸಿರು ಎಳೆದ ಹಾಗೆ ಆಗಬಹುದು, ಕಾಲು ಅದುರಬಹುದು, ಮೂತ್ರ ಹೋಗಬಹುದು. ಅದಕ್ಕೆ ನೋವಾಗುತ್ತಿಲ್ಲ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಗುಂಡನ ಕಣ್ಣು ಮುಚ್ಚಲಿಲ್ಲ ಅಂತ ಎಷ್ಟೋ ದಿನ ಕೊರಗಿದೆ.

ಅದರ ಮೂಗಿನ ಹತ್ತಿರ ನಿಮ್ಮ ಅಂಗೈ ಇಡಿ. ಕೊನೆಗೆ ನಿಮ್ಮ ವಾಸನೆ ಇರಲಿ. ನಿಜವಾಗಲೂ ಆಗದಿದ್ದರೆ, ಅದಕ್ಕೆ ಬೇಕಾದ ಇನ್ನೊಬ್ಬರು ಇರಲಿ.

ನಾಯಿ ಸತ್ತಿದ್ದಕ್ಕೆ ಇಷ್ಟೊಂದು ಅಳೋದಾ ಅಂತಾರೆ. ನನಗೇನಾದರೂ ಆಗಿದೆಯಾ?

ಏನೂ ಆಗಿಲ್ಲ. 1914ರಲ್ಲಿ ಜರ್ಮನಿಯ ಬಾನ್ ಹತ್ತಿರ ಓಬರ್‌ಕಾಸೆಲ್‌ನಲ್ಲಿ ಕಲ್ಲು ತೆಗೆಯುವಾಗ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ. ಆಮೇಲೆ ಅದರ ಹಲ್ಲು ಪರೀಕ್ಷೆ ಮಾಡಿದಾಗ ತಿಳಿದದ್ದು: ಸತ್ತಾಗ ಮರಿಗೆ ಸುಮಾರು 7 ತಿಂಗಳು. ಅದಕ್ಕೆ ಡಿಸ್ಟೆಂಪರ್ ಅನ್ನುವ, ಮರಿಗಳ ಪ್ರಾಣ ತೆಗೆಯುವ ವೈರಸ್ ಕಾಯಿಲೆಯಂಥದ್ದು ಬಂದು ವಾರಗಟ್ಟಲೆ ನರಳಿತ್ತು. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಒರೆಸಿ ನೋಡಿಕೊಳ್ಳದಿದ್ದರೆ ಅಷ್ಟು ದಿನ ಉಳಿಯುತ್ತಲೇ ಇರಲಿಲ್ಲ. ಬೇಟೆಗೂ ಬರದ, ಕಾವಲಿಗೂ ಆಗದ ಕಾಯಿಲೆ ಮರಿ ಅದು. ಬಿಟ್ಟು ಹೋಗಲಿಲ್ಲ ಅವರು. ನಿಮ್ಮ ಅಳು ಅಷ್ಟು ಹಳೆಯದು.

ಗುಂಡ ಬಾಗಿಲ ಹಿಂದೆ ಮಲಗುತ್ತಿದ್ದ. ಅವನಿಗೆ ತಾಗದಿರಲಿ ಅಂತ ಬಾಗಿಲನ್ನು ಅರ್ಧ ಮಾತ್ರ ತೆರೆದು, ಪಕ್ಕಕ್ಕೆ ತಿರುಗಿ ಒಳಗೆ ಬರುವುದು ನಮಗೆಲ್ಲ ರೂಢಿ. ಅವನು ಹೋಗಿ ತಿಂಗಳುಗಳಾದರೂ ಮನೆಯವರೆಲ್ಲ ಹಾಗೇ ಬರುತ್ತಿದ್ದೆವು. ಒಂದು ದಿನ ನೆಂಟರೊಬ್ಬರು ಬಂದು ಬಾಗಿಲನ್ನು ಪೂರ್ತಿ ತಳ್ಳಿದರು. ಅದು ಗೋಡೆಗೆ ಬಡಿದು ಸದ್ದಾಯಿತು. ಅಡುಗೆಮನೆಯಲ್ಲಿದ್ದ ನಾನು ಅಲ್ಲೇ ಕುಸಿದು ಕೂತು ಅತ್ತೆ.

ನನ್ನ ಉದಾಸೀನದಿಂದಲೇ ಹೋಯಿತು ಅನ್ನಿಸುತ್ತಿದೆ.

ನನಗೂ ಅನ್ನಿಸಿತ್ತು. ಗುಂಡ ನೀರು ಜಾಸ್ತಿ ಕುಡಿಯುತ್ತಿದ್ದ, ಬಿಸಿಲಿಗೆ ಇರಬೇಕು ಅಂದುಕೊಂಡೆ. ಮೂತ್ರಪಿಂಡ ಕೈಕೊಟ್ಟಿತ್ತು. ಆಮೇಲೆ ತಿಳಿಯಿತು, ಮೂತ್ರಪಿಂಡದ ಕೆಲಸ ಮುಕ್ಕಾಲು ಭಾಗ ನಿಂತ ಮೇಲೆಯೇ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಸ) ಏರುವುದು. ನಾನು ಒಂದು ವಾರ ಮುಂಚೆ ಓಡಿದ್ದರೂ ಹೆಚ್ಚು ಬದಲಾಗುತ್ತಿರಲಿಲ್ಲ. ನಿಮ್ಮ ನಾಯಿಯ ವಿಷಯದಲ್ಲೂ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಮನಸ್ಸು ಕಟ್ಟಿಕೊಳ್ಳುವ ಕಥೆಗಿಂತ ನಿಜ ಸಂಗತಿ ಎಷ್ಟೋ ಮೆತ್ತಗಿರುತ್ತದೆ.

ಮಕ್ಕಳಿಗೆ ಏನು ಹೇಳುವುದು?

"ಸತ್ತುಹೋಯಿತು" ಅಂತಲೇ ಹೇಳಿ. "ಮಲಗಿದೆ" ಅಂದರೆ ಮಗುವಿಗೆ ಮಲಗುವುದೇ ಭಯವಾಗುತ್ತದೆ. "ಎಲ್ಲೋ ಹೋಗಿದೆ" ಅಂದರೆ ದಿನಾ ಗೇಟಿನಲ್ಲಿ ಕಾಯುತ್ತದೆ. ನೀವು ಅಳುವುದು ಮಗುವಿಗೆ ಕಾಣಲಿ, ಪರವಾಗಿಲ್ಲ.

ಮನೆಯಲ್ಲಿರುವ ಇನ್ನೊಂದು ನಾಯಿ ಊಟ ಬಿಟ್ಟಿದೆ.

ಅದಕ್ಕೂ ದುಃಖವಿದೆ. ಇಟಲಿಯಲ್ಲಿ 426 ಸಾಕುವವರನ್ನು ಕೇಳಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 86% ಜನ, ಜೊತೆಗಾರ ಸತ್ತ ಮೇಲೆ ಉಳಿದ ನಾಯಿಯ ನಡವಳಿಕೆ ಬದಲಾಯಿತು ಅಂದರು. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಜಾಸ್ತಿ. ಊಟ, ವಾಕಿಂಗ್ ಅದೇ ಹೊತ್ತಿಗೆ ನಡೆಯಲಿ. ಹೋದ ನಾಯಿಯ ಹಾಸಿಗೆಯನ್ನು ತಕ್ಷಣ ಒಗೆಯಬೇಡಿ, ಅದು ಮೂಸುತ್ತಾ ಕೂರಲಿ. ಒಂದು ದಿನ ದಾಟಿದರೂ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ನಾಯಿ ಯಾವಾಗ ತರಬಹುದು? ಹಳೆಯದಕ್ಕೆ ಮೋಸ ಮಾಡಿದ ಹಾಗೆ ಆಗಲ್ವಾ?

ಒಬ್ಬೊಬ್ಬರಿಗೆ ಒಂದೊಂದು ಸಮಯ. ಕೆಲವರಿಗೆ ತಿಂಗಳು, ಕೆಲವರಿಗೆ ಎಂದೂ ಇಲ್ಲ. ಮೋಸವಂತೂ ಅಲ್ಲ. ಆದರೆ ಹಳೆಯ ಹೆಸರನ್ನೇ ಇಡಬೇಡಿ, ಅದೇ ಬಣ್ಣದ ಮರಿಗಾಗಿ ಹುಡುಕಬೇಡಿ. ಹೊಸದು ಪಾಪ ಇನ್ನೊಬ್ಬರ ಹಾಗೆ ಇರಲು ಹೋಗಿ ದಿನಾ ಸೋಲುತ್ತದೆ.

ಪುಟ್ಟಿ ಬಂದದ್ದು ಗುಂಡ ಹೋದ ಹದಿನಾಲ್ಕು ತಿಂಗಳಿಗೆ. ಮೊದಲ ದಿನ ಮನೆಯೆಲ್ಲ ಮೂಸಿದಳು. ಬಾಗಿಲ ಹಿಂದಿನ ಆ ಜಾಗಕ್ಕೆ ಬಂದು ತುಂಬಾ ಹೊತ್ತು ನಿಂತಳು, ಮೂಗು ನೆಲಕ್ಕೆ ಹಚ್ಚಿ. ನಾವ್ಯಾರೂ ಮಾತಾಡಲಿಲ್ಲ. ಆಮೇಲೆ ಅಲ್ಲಿಂದ ಎದ್ದು ಹೋಗಿ ಕಿಟಕಿ ಕೆಳಗೆ ಮಲಗಿದಳು. ಇವತ್ತಿಗೂ ಅಲ್ಲೇ ಮಲಗುತ್ತಾಳೆ. ಬಾಗಿಲು ಮಾತ್ರ ನಾನು ಮೆಲ್ಲಗೇ ತೆಗೆಯುತ್ತೇನೆ.